ಕೊನೆಯ ಕಛೇರಿಗೆ ಯಾವ ರಾಗ?

ಸಂಗೀತೋತ್ಸವದ ಕೊನೆಯ ಕಛೇರಿ ಹಿರಿಯ ಕಲಾವಿದರಿಗೆ ಮೀಸಲಾದ ಗೌರವದ ಸ್ಥಾನ. ಆದರೆ ಅಲ್ಲಿ ಕುಳಿತು ಏನನ್ನು ಹಾಡಬೇಕೆಂಬುದು ಹೊರಗಿನವರು ತಿಳಿಯುವಷ್ಟು ಸರಳವಾದ ಪ್ರಶ್ನೆಯಲ್ಲ. ಹಿಂದೂಸ್ತಾನಿ ಗಾಯಕರೊಬ್ಬರಿಗೆ ಹತ್ತಾರು ರಾಗಗಳು ಕರಗತವಾಗಿರಬಹುದು. ವೇದಿಕೆ ಏರುವ ಹೊತ್ತಿಗೆ ಅವರ ಪಾಲಿಗೆ ಉಳಿಯುವುದು ಬೆರಳೆಣಿಕೆಯಷ್ಟು ಮಾತ್ರ. ಕೆಲವನ್ನು ಗಡಿಯಾರ ತಳ್ಳಿಹಾಕುತ್ತದೆ. ಕೆಲವನ್ನು ಮುಂಚೆ ಬಂದವರು ಹಾಡಿ ಮುಗಿಸಿರುತ್ತಾರೆ. ಕಳೆದ ಎರಡು ದಶಕಗಳಿಂದ ಕಾನೂನು ಕೂಡ ಈ ಲೆಕ್ಕಾಚಾರದೊಳಗೆ ಬಂದು ಸೇರಿದೆ. ಇದನ್ನು ಅರಿಯಲು ಪುಣೆಯ ಸವಾಯಿ ಗಂಧರ್ವ ಉತ್ಸವ ಒಳ್ಳೆಯ ನಿದರ್ಶನ.

ಉತ್ಸವ ನಡೆಯುವುದು ಪುಣೆಯಲ್ಲಾದರೂ ಅದರ ಬೇರು ಇರುವುದು ಧಾರವಾಡ ಸೀಮೆಯಲ್ಲಿ. ಕುಂದಗೋಳದ ರಾಮಭಾವು (1886-1952) ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಹಾಡಿ ‘ಸವಾಯಿ ಗಂಧರ್ವ’ರೆನಿಸಿದರು. ‘ಸವಾಯಿ’ ಎಂದರೆ ಒಂದೂಕಾಲು. ಬಾಲಗಂಧರ್ವರು ಮೆರೆಯುತ್ತಿದ್ದ ಕಾಲದಲ್ಲಿ ಇವರು ಒಂದು ಕೈ ಮೇಲು ಎಂಬ ಮೆಚ್ಚುಗೆ ಆ ಬಿರುದಿನಲ್ಲಿದೆ. ಅವರು ತೀರಿಕೊಂಡ ಮರುವರ್ಷ, 1953ರಲ್ಲಿ, ಗುರುವಿನ ನೆನಪಿಗೆಂದು ಉತ್ಸವ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಗದಗ ಸೀಮೆಯಿಂದ ಹೋದ ಭೀಮಸೇನ ಜೋಶಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಮೊದಲಾದ ಗುರುಬಂಧುಗಳೂ ಅಲ್ಲಿ ಹಾಡಿದರು. 2011ರಲ್ಲಿ ಭೀಮಸೇನರು ನಿಧನರಾದ ಬಳಿಕ ಉತ್ಸವದ ಹೆಸರಿಗೆ ಅವರ ಹೆಸರೂ ಕೂಡಿಕೊಂಡಿತು.

ಮೊದಲೆಲ್ಲ ಈ ಉತ್ಸವ ಅಹೋರಾತ್ರಿ ನಡೆಯುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಕುಳಿತ ಸಾವಿರಾರು ಶ್ರೋತೃಗಳು ರಾತ್ರಿಯಿಡೀ ಕೇಳುತ್ತಿದ್ದರು. ಕೊನೆಯ ಇರುಳು ಕಳೆದು ಬೆಳಕು ಹರಿದ ಮೇಲೆ ಭೀಮಸೇನರ ಗಾಯನದೊಂದಿಗೆ ಉತ್ಸವ ಮುಗಿಯುತ್ತಿತ್ತು. ಸಮಾರೋಪದ ರಾಗಕ್ಕೂ ಈ ಹೊತ್ತಿಗೂ ಇರುವ ನಂಟು ತಿಳಿಯಬೇಕಾದರೆ ರಾಗಗಳ ವೇಳೆಯ ಪದ್ಧತಿಯನ್ನು ನೋಡಬೇಕು.

ಹಿಂದೂಸ್ತಾನಿ ಪದ್ಧತಿಯಲ್ಲಿ ದಿನವನ್ನು ಮೂರು ಮೂರು ಗಂಟೆಗಳ ಎಂಟು ಪ್ರಹರಗಳಾಗಿ ವಿಂಗಡಿಸಿ, ಬಹುಪಾಲು ರಾಗಗಳಿಗೆ ಒಂದೊಂದು ಹೊತ್ತನ್ನು ಗೊತ್ತುಮಾಡಲಾಗಿದೆ. ಹಳೆಯದಾದ ಈ ರೂಢಿಗೆ ಸೂತ್ರರೂಪ ಕೊಟ್ಟವರು ವಿಷ್ಣು ನಾರಾಯಣ ಭಾತಖಂಡೆ (1860-1936). ಅವರ ಪ್ರಕಾರ, ವಾದಿ ಸ್ವರ ಸಪ್ತಕದ ಪೂರ್ವಾಂಗದಲ್ಲಿದ್ದರೆ ಆ ರಾಗ ಮಧ್ಯಾಹ್ನದಿಂದ ನಡುರಾತ್ರಿಯವರೆಗಿನದು. ಉತ್ತರಾಂಗದಲ್ಲಿದ್ದರೆ ನಡುರಾತ್ರಿಯಿಂದ ಮಧ್ಯಾಹ್ನದವರೆಗಿನದು. ಹಗಲು-ಇರುಳು ಕೂಡುವ ಸಂಧಿಕಾಲದ ರಾಗಗಳಲ್ಲಿ ಕೋಮಲ ರಿಷಭವಿರುತ್ತದೆ. ಅದರ ಜೊತೆಗೆ ಶುದ್ಧ ಮಧ್ಯಮ ಪ್ರಬಲವಾಗಿದ್ದರೆ ಭೈರವ್‌ನಂತೆ ಬೆಳಗಿನ ಛಾಯೆ, ತೀವ್ರ ಮಧ್ಯಮ ಪ್ರಬಲವಾಗಿದ್ದರೆ ಪೂರ್ವಿಯಂತೆ ಸಂಜೆಯ ಛಾಯೆ. ಯಮನ್ ಮುಸ್ಸಂಜೆ ಕಳೆದ ಮೇಲಿನ ರಾಗ, ಬಾಗೇಶ್ರೀ ರಾತ್ರಿಯದು. ದರಬಾರಿ ಕಾನಡ, ಮಾಲಕಂಸಗಳಿಗೆ ಇರುಳು ಮಾಗಬೇಕು. ಲಲಿತ್ ನಸುಕಿನದು, ತೋಡಿಗೆ ಬಿಸಿಲೇರಬೇಕು.

ಹೀಗಿರುವಾಗ ಅಹೋರಾತ್ರಿಯ ಉತ್ಸವದಲ್ಲಿ ಕಲಾವಿದರ ಸರದಿಯೇ ರಾಗಗಳ ಸರದಿಯೂ ಆಗುತ್ತಿತ್ತು. ಬೆಳಗ್ಗೆ ಕಡೆಯವರಾಗಿ ಕೂರುವವರಿಗೆ ಒಂದು ಅನುಕೂಲವಿತ್ತು. ಮುಂಜಾವಿನ ಅನಂತರದ ರಾಗಗಳನ್ನು ಆ ರಾತ್ರಿ ಯಾರೂ ಮುಟ್ಟಿರುತ್ತಿರಲಿಲ್ಲ. ರಾತ್ರಿಯಿಡೀ ಕೇಳಿ ದಣಿದ ಕಿವಿಗೆ ಅವು ಹೊಸದಾಗಿ ಕೇಳಿಸುತ್ತಿದ್ದವು.

ಈ ವ್ಯವಸ್ಥೆಯನ್ನು ಬದಲಿಸಿದ್ದು ಧ್ವನಿವರ್ಧಕದ ಕಾನೂನು. 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವುದನ್ನು ನಿಷೇಧಿಸಿದವು. ವರ್ಷಕ್ಕೆ ಹದಿನೈದು ದಿನಗಳಿಗೆ ಮೀರದಂತೆ ನಡುರಾತ್ರಿ ಹನ್ನೆರಡರವರೆಗೆ ಅನುಮತಿ ಕೊಡುವ ಅಧಿಕಾರ 2002ರ ತಿದ್ದುಪಡಿಯಿಂದ ರಾಜ್ಯ ಸರ್ಕಾರಗಳಿಗೆ ದೊರೆಯಿತು. 2005ರಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆ ನಿಜ. ಆದರೆ ಸಾವಿರಾರು ಜನ ಸೇರುವ ಚಪ್ಪರದ ಉತ್ಸವ ಸಭಾಂಗಣದೊಳಗೆ ಹಿಡಿಸುವಂಥದ್ದಲ್ಲ. ಹೀಗಾಗಿ ಪುಣೆಯ ಉತ್ಸವ ಮಧ್ಯಾಹ್ನ ಆರಂಭವಾಗಿ ರಾತ್ರಿ ಮುಗಿಯುವ ಹಲವು ದಿನಗಳ ಕಾರ್ಯಕ್ರಮವಾಯಿತು. ಬೆಳಗಿನ ಸಮಾರೋಪ ಹೋಗಿ ರಾತ್ರಿಯ ಸಮಾರೋಪ ಬಂತು.

ಇದರಿಂದ ಕೊನೆಯ ಕಲಾವಿದರ ಆಯ್ಕೆಯೇ ಬದಲಾಯಿತು. ಭೀಮಸೇನರ ಅನಂತರ ಹಲವು ವರ್ಷ ಉತ್ಸವವನ್ನು ಮುಕ್ತಾಯಗೊಳಿಸಿದವರು ಅದೇ ಕಿರಾನಾ ಘರಾಣೆಯ ಪ್ರಭಾ ಅತ್ರೆ (1932-2024). ಅವರು ಸುರೇಶಬಾಬು ಮಾನೆ ಮತ್ತು ಹೀರಾಬಾಯಿ ಬಡೋದೇಕರರ ಶಿಷ್ಯೆ. ಅವರ ಹೆಸರನ್ನು ಮನೆಮಾತಾಗಿಸಿದ ಮಾರು ಬಿಹಾಗ್ ಮತ್ತು ಕಲಾವತಿ ಎರಡೂ ರಾತ್ರಿಯ ರಾಗಗಳೇ. ಆದರೆ ರಾತ್ರಿಯ ಮೊದಲ ಭಾಗಕ್ಕೆ ಸಲ್ಲುವ ರಾಗಗಳ ಮೇಲೆ ಈಗ ಸಂಜೆಯ ಎಲ್ಲ ಕಲಾವಿದರ ಕಣ್ಣೂ ಇರುತ್ತದೆ. ಒಬ್ಬರು ಹಾಡಿದ ರಾಗವನ್ನು ಅದೇ ವೇದಿಕೆಯಲ್ಲಿ ಇನ್ನೊಬ್ಬರು ಮತ್ತೆ ಎತ್ತಿಕೊಳ್ಳದಿರುವುದು ಬರೆಯದ ಮರ್ಯಾದೆ. ಆದ್ದರಿಂದ ಕೊನೆಗೆ ಬರುವವರು ಎರಡು ಮೂರು ರಾಗಗಳನ್ನಾದರೂ ಮನಸ್ಸಿನಲ್ಲಿ ಸಿದ್ಧವಾಗಿಟ್ಟುಕೊಂಡಿರಬೇಕು.

ತಂಬೂರಿಯ ಶ್ರುತಿಯೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಮೊದಲ ತಂತಿ ಪಂಚಮಕ್ಕಿರುತ್ತದೆ. ಮಾಲಕಂಸದಲ್ಲಿ ಪಂಚಮವೇ ಇಲ್ಲ. ಅದಕ್ಕೆ ಮಧ್ಯಮದ ಶ್ರುತಿ ಬೇಕು. ನಡುವೆ ರಾಗ ಬದಲಾದರೆ ಶ್ರುತಿ ಕೂಡಿಸಲು ನಿಮಿಷಗಳು ಹೋಗುತ್ತವೆ. ಹಿಂದಿನವರ ಕಛೇರಿ ಲಂಬಿಸಿದರೆ ಅದೂ ಕೊನೆಯವರ ಪಾಲಿನಿಂದಲೇ ಕಳೆಯುತ್ತದೆ. ಮುಂಚೆ ಇನ್ನರ್ಧ ಗಂಟೆ ಹಾಡಿದರೆ ಕೇಳುವವರಿಗೆ ಸಂತೋಷವಿತ್ತು. ಈಗ ಗಡಿಯಾರದ ಮುಳ್ಳು ಹತ್ತನ್ನು ಮುಟ್ಟಿದರೆ ಪೊಲೀಸರಿಗೆ ಉತ್ತರಿಸಬೇಕಾದವರು ಸಂಘಟಕರು. ಕಿರಾನಾದ ಹೆಗ್ಗುರುತೇ ಒಂದೊಂದು ಸ್ವರವನ್ನೂ ನಿಧಾನವಾಗಿ ಬೆಳೆಸುವ ವಿಲಂಬಿತ ಖ್ಯಾಲ್. ಅದಕ್ಕೆ ಬಿಡುವು ಬೇಕು. ವೇಳೆ ಕಡಿಮೆಯಾದಾಗ ಮೊದಲು ಕುಗ್ಗುವುದು ಆಲಾಪವೇ.

ಕಾನೂನಿನದು ತಪ್ಪೆನ್ನುವಂತಿಲ್ಲ. ಊರ ನಡುವಿನ ಮೈದಾನದ ಸುತ್ತ ರೋಗಿಗಳಿದ್ದಾರೆ, ಬೆಳಗ್ಗೆ ದುಡಿಮೆಗೆ ಹೋಗುವವರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಸಂಗೀತಕ್ಕೆ ವಿನಾಯಿತಿ ಕೊಟ್ಟರೆ ಉಳಿದ ಗದ್ದಲಕ್ಕೆ ಇಲ್ಲವೆನ್ನುವುದು ಹೇಗೆ? ಆದರೂ ಆಗಿರುವ ನಷ್ಟ ಸಣ್ಣದಲ್ಲ. ನಡುರಾತ್ರಿಯಿಂದ ನಸುಕಿನವರೆಗಿನ ರಾಗಗಳಿಗೆ ದೊಡ್ಡ ವೇದಿಕೆಯೇ ತಪ್ಪಿದೆ. ಲಲಿತ್ ರಾಗವನ್ನು ಧ್ವನಿಮುದ್ರಿಕೆಯಲ್ಲಿ ಎಷ್ಟು ಹೊತ್ತಿಗೆ ಬೇಕಾದರೂ ಕೇಳಬಹುದು. ಕತ್ತಲು ಕರಗುವ ಗಳಿಗೆಯಲ್ಲಿ ಸಾವಿರ ಜನರ ನಡುವೆ ಕುಳಿತು ಕೇಳುವ ಅನುಭವ ಹೊಸ ತಲೆಮಾರಿಗೆ ಅಪರೂಪವಾಗಿದೆ. ಹಾಗೆ ಹಾಡಿ ಪಳಗುವ ಅವಕಾಶ ಕಿರಿಯ ಗಾಯಕರಿಗೂ ಅಷ್ಟೇ ಅಪರೂಪ. ಹಲವು ಊರುಗಳಲ್ಲಿ ಬೆಳಗಿನ ಕಛೇರಿಗಳನ್ನೇ ಪ್ರತ್ಯೇಕವಾಗಿ ಏರ್ಪಡಿಸುವುದು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತಿದೆ.

ಹೊತ್ತು ಬದಲಾದರೂ ಬದಲಾಗದೆ ಉಳಿದದ್ದು ಭೈರವಿ. ಶಾಸ್ತ್ರದ ಪ್ರಕಾರ ಅದು ಬೆಳಗಿನ ರಾಗ. ರೂಢಿಯಲ್ಲಿ ಯಾವ ಹೊತ್ತಿನ ಕಛೇರಿಗೂ ಮುಕ್ತಾಯದ ರಾಗ. ಕರ್ನಾಟಕ ಸಂಗೀತದ ಭೈರವಿಯೇ ಬೇರೆ, ಇದೇ ಬೇರೆ. ಹಿಂದೂಸ್ತಾನಿ ಭೈರವಿಯ ಸ್ವರಗಳು ದಕ್ಷಿಣದ ಹನುಮತೋಡಿಗೆ ಸರಿಹೊಂದುತ್ತವೆ. ಠುಮ್ರಿ, ಭಜನೆಗಳಲ್ಲಿ ಗಾಯಕರು ಅದರ ಕೋಮಲ ಸ್ವರಗಳ ನಡುವೆ ಉಳಿದ ಸ್ವರಗಳನ್ನೂ ಸಲುಗೆಯಿಂದ ಸೇರಿಸಿಕೊಳ್ಳುತ್ತಾರೆ. ಹೀಗೆ ಹನ್ನೆರಡು ಸ್ವರಗಳೂ ಓಡಾಡಿದ ಮೇಲೆ ಬೇರೊಂದು ರಾಗ ನಿಲ್ಲುವುದು ಕಷ್ಟ. ದಕ್ಷಿಣದ ಕಛೇರಿಯಲ್ಲಿ ಮಂಗಳ ಹಾಡಿದ ಮೇಲೆ ಎದ್ದುಬಿಡುವಂತೆ ಇಲ್ಲಿ ಭೈರವಿಯ ಬಳಿಕ ಯಾರೂ ಹಾಡುವುದಿಲ್ಲ.

ಪುಣೆಯಲ್ಲಿ ಮಾತ್ರ ಅದರ ಮೇಲೂ ಒಂದು ಸಂಪ್ರದಾಯವಿದೆ. ಕೊನೆಯ ಕಲಾವಿದರು ಹಾಡಿ ಮುಗಿಸಿದ ಮೇಲೆ ಸವಾಯಿ ಗಂಧರ್ವರೇ ಹಾಡಿದ ಭೈರವಿ ಠುಮ್ರಿಯ ಹಳೆಯ ಧ್ವನಿಮುದ್ರಿಕೆಯನ್ನು ಹಾಕುತ್ತಾರೆ. ಇಷ್ಟೆಲ್ಲ ತೂಗಿ ನೋಡಿ ಕಾರ್ಯಕ್ರಮವನ್ನು ಆಯ್ದ ಹಿರಿಯ ಕಲಾವಿದರೂ, ದಿನಗಟ್ಟಲೆ ಕೇಳಿದ ಶ್ರೋತೃಗಳೂ ಆ ಕೆಲವು ನಿಮಿಷ ಮೌನವಾಗಿ ಕೇಳುವವರಾಗುತ್ತಾರೆ. ಯಾರು ಯಾವ ರಾಗ ಹಾಡಿದರೂ, ಬೆಳಗಿಗೆ ಮುಗಿದರೂ ರಾತ್ರಿಗೆ ಮುಗಿದರೂ, ಉತ್ಸವದ ಕೊನೆಯ ದನಿ ಕುಂದಗೋಳದ ಗುರುವಿನದೇ.