ಕಿರಿಯ ಸುಖಗಳ ಬೆಲೆ

ಸುಖವೆಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಗೃಹಸ್ಥರು ಬಲು ದೂರಕ್ಕೆ ಕೈ ತೋರಿಸುತ್ತಾರೆ. ಮಗಳಿಗೆ ಮದುವೆಯಾಗಬೇಕು, ಮಗನಿಗೆ ಒಂದು ಉದ್ಯೋಗ ದೊರೆಯಬೇಕು, ಸಾಲ ತೀರಬೇಕು, ಸ್ವಂತ ಮನೆಯೊಂದಾಗಬೇಕು. ಅನಂತರ ಸುಖವಾಗಿರುವೆವು ಎಂಬುದು ಅವರ ಎಣಿಕೆ. ಈ ಎಣಿಕೆಯನ್ನು ನಾನು ಹಳಿಯುವವನಲ್ಲ. ನಾನೂ ಹಾಗೆಯೇ ಎಣಿಸಿಕೊಂಡು ಬಂದವನು. ಆದರೆ ಮದುವೆ ನಡೆಯುವುದು ಒಂದೆರಡು ದಿನ. ಗೃಹಪ್ರವೇಶ ಒಂದು ದಿನ. ಬಾಳಿನ ಮಿಕ್ಕ ಸಾವಿರಾರು ದಿನಗಳು ಹಾಲು ಕಾಯಿಸುವುದರಲ್ಲಿ, ಸ್ನಾನ ಮಾಡುವುದರಲ್ಲಿ, ಊಟಕ್ಕೆ ಕೂರುವುದರಲ್ಲಿ, ದೀಪ ಹಚ್ಚುವುದರಲ್ಲಿ ಕಳೆದುಹೋಗುತ್ತವೆ. ಈ ದಿನಗಳಲ್ಲಿ ಸುಖವಿಲ್ಲವೆಂದ ಪಕ್ಷದಲ್ಲಿ ಬಾಳಿನಲ್ಲಿ ಸುಖವಿರುವುದೇ ಬಹು ಸ್ವಲ್ಪವೆಂದು ಒಪ್ಪಬೇಕಾಗುತ್ತದೆ. ಇದೆಯೆಂದರೆ, ಅದು ನಮ್ಮ ಕಣ್ಣಿಗೆ ಏಕೆ ಬೀಳುವುದಿಲ್ಲ? ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಗ್ರಂಥಗಳಿಂದಲ್ಲ, ಒಂದು ಕಾಯಿಲೆಯಿಂದ. ಆ ಸಂಗತಿಯನ್ನು ವಾಚಕರ ಮುಂದಿಡುವೆನು.

ನಮ್ಮದು ಮೈಸೂರಿನಲ್ಲಿ ಒಂದು ಸಾಧಾರಣ ಮನೆ. ಅಂಗಳದಲ್ಲಿ ತುಲಸಿಕಟ್ಟೆ, ಅದರ ಪಕ್ಕದಲ್ಲಿ ಒಂದು ಪಾರಿಜಾತ, ಹಿತ್ತಿಲಲ್ಲಿ ಒಂದು ನಿಂಬೆಯ ಗಿಡ. ಮನೆಯಲ್ಲಿ ನಾನು, ನನ್ನ ಹೆಂಡತಿ, ಎಂಬತ್ತನ್ನು ದಾಟಿದ್ದ ನನ್ನ ತಾಯಿ. ಮೂವತ್ತು ವರ್ಷಗಳಿಂದ ಬೆಳಗ್ಗೆ ಆರು ಗಂಟೆಗೆ ನನ್ನ ಮುಂದೆ ಕಾಫಿಯ ಲೋಟ ಬಂದು ಕೂರುತ್ತಿತ್ತು. ಒಂದು ಕೈಯಲ್ಲಿ ವೃತ್ತಪತ್ರಿಕೆ, ಇನ್ನೊಂದರಲ್ಲಿ ಲೋಟ. ಕಾಫಿ ಮುಗಿಯಿತೆಂಬುದು ಲೋಟ ಹಗುರವಾದುದರಿಂದ ತಿಳಿಯುತ್ತಿತ್ತೇ ಹೊರತು, ಕುಡಿದ ನೆನಪು ಇರುತ್ತಿರಲಿಲ್ಲ. ಹೂವಿನ ಕಾಲದಲ್ಲಿ ತಾಯಿಯವರು ಅದೇ ಹೊತ್ತಿಗೆ ನೆಲದ ಮೇಲೆ ಉದುರಿದ ಪಾರಿಜಾತಗಳನ್ನು ಆಯ್ದು ಬುಟ್ಟಿಯಲ್ಲಿ ತುಂಬಿಕೊಂಡು ನನ್ನ ಮುಂದೆಯೇ ದೇವರ ಮನೆಗೆ ಹೋಗುತ್ತಿದ್ದರು. ನನ್ನ ಕುರ್ಚಿಯ ಬಳಿ ಒಂದು ಕ್ಷಣ ನಿಲ್ಲುವರು. ನಾನು ತಲೆಯೆತ್ತುತ್ತಿರಲಿಲ್ಲ. ಅವರು ಮುಂದೆ ಹೋಗುವರು.

2021ನೆಯ ಇಸವಿಯ ಮೇ ತಿಂಗಳಿನಲ್ಲಿ, ಕೊರೋನಾ ಎರಡನೆಯ ಬಾರಿ ನಾಡನ್ನು ಮುತ್ತಿದಾಗ, ನನಗೂ ಆ ರೋಗ ತಗುಲಿತು. ಬೀದಿಯ ಕಡೆಯ ಕೋಣೆಯಲ್ಲಿ ಬೇರೆಯಾಗಿ ಮಲಗಿದೆನು. ಜ್ವರ ಬಂದು ಬಿಟ್ಟಿತು, ಪ್ರಾಣಕ್ಕೆ ಅಪಾಯವಾಗಲಿಲ್ಲ. ಎಷ್ಟೋ ಮನೆಗಳಲ್ಲಿ ಆಳುವ ಹಿರಿಯರನ್ನೂ ಬಾಳುವ ಕಿರಿಯರನ್ನೂ ಒಯ್ದ ಆ ದಿನಗಳಲ್ಲಿ ನಾನು ಉಳಿದುಕೊಂಡದ್ದೇ ಭಾಗ್ಯ. ಆದರೆ ಐದನೆಯ ದಿನ ಬಾಗಿಲ ಹೊರಗೆ ಇಟ್ಟಿದ್ದ ಕಾಫಿಯನ್ನು ತುಟಿಗೆ ತಂದಾಗ ಅದು ಬರಿಯ ಬಿಸಿನೀರಿನಂತೆ ತೋರಿತು. ಅಲ್ಪ ಸಿಹಿ, ಅಲ್ಪ ಕಹಿ, ಅಷ್ಟೇ. ಸೋಪನ್ನು ಮೂಸಿದೆನು, ಅಮೃತಾಂಜನವನ್ನು ಮೂಸಿದೆನು. ಅಮೃತಾಂಜನವು ಮೂಗನ್ನು ಚುರುಗುಟ್ಟಿಸಿತೇ ಹೊರತು ಅದಕ್ಕೆ ವಾಸನೆಯಿರಲಿಲ್ಲ.

ನಾಲಗೆಗೆ ತಾನಾಗಿ ತಿಳಿಯುವ ರುಚಿಗಳು ಬಹು ಕೆಲವು. ಸಿಹಿ, ಹುಳಿ, ಉಪ್ಪು, ಕಹಿ, ಇವುಗಳ ಜೊತೆಗೆ ಅಣಬೆ, ಮಾಗಿದ ಟೊಮ್ಯಾಟೋ ಮೊದಲಾದುವುಗಳಲ್ಲಿರುವ ಒಂದು ಬಗೆಯ ಸಾರದ ರುಚಿ; ಹೀಗೆ ಐದನ್ನು ಶಾಸ್ತ್ರಜ್ಞರು ಎಣಿಸುತ್ತಾರೆ. ಖಾರವು ರುಚಿಯಲ್ಲ, ಉರಿ. ಇಂಗಿನ ಒಗ್ಗರಣೆ, ಕೊತ್ತಂಬರಿ ಸೊಪ್ಪು, ಹುಗ್ಗಿಯ ಮೇಲಿನ ತುಪ್ಪ, ನಂಜನಗೂಡಿನ ರಸಬಾಳೆ ಇವುಗಳ ಸ್ವಾದವೆಂದು ನಾವು ಹೇಳುವುದರಲ್ಲಿ ಹೆಚ್ಚಿನ ಪಾಲು, ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಗಂಧವೇ ಆಗಿದೆ. ಮೂಗಿನ ಮೇಲ್ಭಾಗದಲ್ಲಿ ಗಂಧವನ್ನು ಗ್ರಹಿಸುವ ನರಕೋಶಗಳಿವೆ. ಈ ರೋಗವು ಅವುಗಳಿಗಿಂತ ಹೆಚ್ಚಾಗಿ ಅವುಗಳಿಗೆ ಆಸರೆಯಾಗಿ ನಿಂತ ಸುತ್ತಣ ಜೀವಕೋಶಗಳನ್ನು ಕೆಡಿಸುತ್ತದೆಂದು ಆಮೇಲೆ ಗೊತ್ತಾಯಿತು.

ಇದು ಸಣ್ಣ ನಷ್ಟವೆಂದು ಮೊದಲು ಎಣಿಸಿದೆನು. ಕಣ್ಣು ಹೋಗಲಿಲ್ಲ, ಕಿವಿ ಹೋಗಲಿಲ್ಲ. ಆದರೆ ದಿನಗಳು ಕಳೆದಂತೆ ಮನೆಯೇ ನನ್ನಿಂದ ದೂರವಾದಂತೆ ತೋರಿತು. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿ ಸೀದು ಪಾತ್ರೆ ಕರಿಯಾಗುತ್ತಿರಲು ಪಕ್ಕದಲ್ಲಿಯೇ ನಾನು ಕುಳಿತಿದ್ದೆನು. ಹಿತ್ತಿಲಿನಿಂದ ಓಡಿಬಂದ ನನ್ನ ಹೆಂಡತಿ, “ಇಲ್ಲೇ ಇದ್ದೀರಲ್ಲಾ, ಸ್ವಲ್ಪವೂ ತಿಳಿಯಲಿಲ್ಲವೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸುಮ್ಮನಾದಳು. ಮುಂಗಾರಿನ ಮಳೆ ಬಿದ್ದಾಗ ಬಾಗಿಲಲ್ಲಿ ನಿಂತು ನೋಡಿದೆನು. ಮಳೆ ಕಂಡಿತು, ಕೇಳಿಸಿತು, ಆದರೆ ಮಣ್ಣಿನ ಆ ವಾಸನೆ ಬರಲಿಲ್ಲ. ಈ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ನಮ್ಮ ದೇಶದ ಕನೌಜಿನ ಕುಶಲಿಗಳು ಸುಟ್ಟ ಮಣ್ಣಿನಿಂದ ಇದೇ ಗಂಧವನ್ನು ಭಟ್ಟಿಯಿಳಿಸಿ ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಟ್ಟು ಅತ್ತರು ಮಾಡುತ್ತ ಬಂದಿದ್ದಾರೆ. ಹಣ ಕೊಟ್ಟು ಕೊಳ್ಳತಕ್ಕ ಆ ವಸ್ತುವು ವರ್ಷವರ್ಷವೂ ನನ್ನ ಬಾಗಿಲಿಗೆ ಪುಕ್ಕಟೆಯಾಗಿ ಬರುತ್ತಿತ್ತು. ಒಂದು ಬಾರಿಯಾದರೂ ಎದ್ದು ನಿಂತು ಸ್ವಾಗತಿಸಿದ ನೆನಪಿಲ್ಲ.

ಜೂನ್ ತಿಂಗಳಿನಲ್ಲಿ ವೈದ್ಯರೊಬ್ಬರನ್ನು ಕಂಡೆನು. ಅವರು ಔಷಧಿಗಿಂತ ಹೆಚ್ಚಾಗಿ ಒಂದು ಅಭ್ಯಾಸವನ್ನು ಹೇಳಿಕೊಟ್ಟರು. ಜರ್ಮನಿಯ ಡ್ರೆಸ್ಡನ್ ನಗರದ ಥಾಮಸ್ ಹುಮ್ಮೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಕ್ರಮ ಅದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ಗಂಧಗಳನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಪ್ರತಿಯೊಂದನ್ನೂ ಹತ್ತು ಸೆಕೆಂಡುಗಳ ಕಾಲ, 12 ವಾರಗಳವರೆಗೆ ಮೂಸತಕ್ಕದ್ದು. ಹಾಗೆ ಅಭ್ಯಾಸ ಮಾಡಿದವರಲ್ಲಿ ಹಲವರಿಗೆ ಗ್ರಹಣಶಕ್ತಿ ಉತ್ತಮವಾಯಿತು. “ಸುಮ್ಮನೆ ಮೂಸಿದರೆ ಸಾಲದು. ಮನಸ್ಸನ್ನು ಅಲ್ಲಿಯೇ ಇಟ್ಟು, ಆ ವಾಸನೆ ಹಿಂದೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು” ಎಂದು ವೈದ್ಯರು ಒತ್ತಿ ಹೇಳಿದರು.

ಈ ಕೆಲಸವನ್ನು ತಾಯಿಯವರು ತಮ್ಮದನ್ನಾಗಿ ಮಾಡಿಕೊಂಡರು. ಮುಚ್ಚಳವಿರುವ ನಾಲ್ಕು ಪುಟ್ಟ ಡಬ್ಬಿಗಳನ್ನು ತೊಳೆದು ಒಣಗಿಸಿದರು. ಒಂದರಲ್ಲಿ ಪನ್ನೀರಿನಲ್ಲಿ ನೆನೆದ ಹತ್ತಿ, ಒಂದರಲ್ಲಿ ನಮ್ಮ ಹಿತ್ತಿಲ ನಿಂಬೆಯ ಸಿಪ್ಪೆ, ಒಂದರಲ್ಲಿ ಜಜ್ಜಿದ ಲವಂಗ, ಇನ್ನೊಂದರಲ್ಲಿ ನೀಲಗಿರಿ ಎಣ್ಣೆಯ ಎರಡು ಹನಿ. ಬೆಳಗ್ಗೆ ನನ್ನ ಕೈಯಿಂದ ವೃತ್ತಪತ್ರಿಕೆಯನ್ನು ತೆಗೆದು ಆಚೆಗಿಟ್ಟು, “ಕಣ್ಣು ಮುಚ್ಚಪ್ಪಾ” ಎನ್ನುವರು. ನೆನಪು ಮಾಡಿಕೊಳ್ಳಬೇಕೆಂಬ ವೈದ್ಯರ ಮಾತು ಅವರ ಕಿವಿಯಲ್ಲಿ ನಿಂತಿತ್ತು. ಆದುದರಿಂದ ಒಂದೊಂದು ಡಬ್ಬಿಗೆ ಒಂದೊಂದು ಕಥೆ. ಪನ್ನೀರಿಗೆ ತಮ್ಮ ಮದುವೆ. ಚಪ್ಪರದ ಬಾಗಿಲಲ್ಲಿ ಪನ್ನೀರುದಾನಿಯನ್ನು ಹಿಡಿದು ನಿಂತಿದ್ದ ಹುಡುಗ ಬಂದವರ ಕಣ್ಣಿಗೇ ಎರಚಿದುದು. ನಿಂಬೆಗೆ, ನಾನು ಏಳು ವರ್ಷದವನಾಗಿದ್ದಾಗ ಬಂದ ವಿಷಮಶೀತಜ್ವರ. ಪಥ್ಯ ಮುಗಿದ ದಿನ ನಿಂಬೆಯ ಹಣ್ಣಿನ ಚಿತ್ರಾನ್ನಕ್ಕಾಗಿ ನಾನು ಅತ್ತದ್ದು. ಲವಂಗಕ್ಕೆ, ಹಲ್ಲುನೋವಿನಿಂದ ರಾತ್ರಿಯೆಲ್ಲ ನಿದ್ರೆಯಿಲ್ಲದೆ ಜಗಲಿಯ ಮೇಲೆ ಓಡಾಡುತ್ತಿದ್ದ ನನ್ನ ತಂದೆಯವರು. ಈ ಕಥೆಗಳಲ್ಲಿ ಅರ್ಧದಷ್ಟನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೇಳಲು ಕುಳಿತಿದ್ದೆನೇ? ಒಂದೇ ಸೂರಿನ ಕೆಳಗೆ ಅಷ್ಟು ವರ್ಷಗಳಿದ್ದು, ದಿನಕ್ಕೆ ಹತ್ತು ನಿಮಿಷ ತಾಯಿಯ ಎದುರಿಗೆ ಬೇರೆ ಕೆಲಸವಿಲ್ಲದೆ ಕುಳಿತದ್ದು ಅದೇ ಮೊದಲು.

“ಈಹೊತ್ತಾದರೂ ಬಂತೇನಪ್ಪಾ?” ಎಂದು ಪ್ರತಿದಿನವೂ ಕೇಳುವರು. “ಇಲ್ಲಮ್ಮ” ಎನ್ನುವೆನು. “ನಾಳೆ ಬರುತ್ತದೆ” ಎಂದು ಡಬ್ಬಿಗಳನ್ನು ಮುಚ್ಚುವರು.

ಆಷಾಢದಲ್ಲಿ ಲವಂಗವು ಬಹು ದೂರದಿಂದ ಕರೆದಂತೆ ತಿಳಿಯಿತು. ಆಮೇಲೆ ಕೆಲವು ವಾರ ಎಲ್ಲವೂ ವಿಕಾರವಾಗಿ ಬಂದಿತು. ಕಾಫಿ ಸುಟ್ಟ ರಬ್ಬರಿನಂತೆ, ಈರುಳ್ಳಿ ಕೊಳೆತ ವಸ್ತುವಿನಂತೆ. ಮತ್ತೆ ಬೆಳೆಯುತ್ತಿರುವ ನರಗಳು ಸರಿಯಾಗಿ ಹೊಂದಿಕೊಳ್ಳುವ ಮುನ್ನ ಹೀಗಾಗುವುದುಂಟೆಂದು ವೈದ್ಯರು ಸಮಾಧಾನ ಹೇಳಿದರು. ಭಾದ್ರಪದದ ಒಂದು ಬೆಳಗ್ಗೆ ತಾಯಿಯವರು ಹೂವಿನ ಬುಟ್ಟಿಯೊಡನೆ ಅಂಗಳದಿಂದ ಬಂದು ಎಂದಿನಂತೆ ನನ್ನ ಕುರ್ಚಿಯ ಬಳಿ ನಿಂತರು. ನಾನು ತಲೆಯೆತ್ತಿದೆನು. ಒದ್ದೆಯಾದ ಪಾರಿಜಾತದ ಗಂಧ, ತೆಳ್ಳಗೆ, ಆದರೆ ತನ್ನ ಸ್ವಂತ ರೂಪದಲ್ಲಿಯೇ, ಬಂದಿತು. “ಅಮ್ಮ, ಪಾರಿಜಾತ” ಎಂದೆನು. ಅವರು ಏನನ್ನೂ ಹೇಳದೆ ಬುಟ್ಟಿಯನ್ನು ನನ್ನ ಮಡಿಲಲ್ಲಿ ಇಟ್ಟರು. ಅಂದು ದೇವರಿಗೆ ಹೂವು ಸ್ವಲ್ಪ ತಡವಾಗಿ ಮುಟ್ಟಿತು.

ಈ ಸಂಗತಿಯಿಂದ ನಾನು ಕಲಿತದ್ದು ಇಷ್ಟು. ಕಿರಿಯ ಸುಖಗಳು ಅಪರೂಪವಾದುದರಿಂದ ನಮಗೆ ತಪ್ಪಿಹೋಗುವುದಿಲ್ಲ; ದಿನವೂ ಬರುವುದರಿಂದಲೇ ತಪ್ಪಿಹೋಗುತ್ತವೆ. ಊದುಬತ್ತಿ ಹಚ್ಚಿದ ಕೋಣೆಗೆ ಹೊಕ್ಕೊಡನೆ ಪರಿಮಳ ತಿಳಿಯುತ್ತದೆ. ಅಲ್ಲಿಯೇ ಕುಳಿತವನಿಗೆ ಸ್ವಲ್ಪ ಹೊತ್ತಿನಲ್ಲಿ ತಿಳಿಯದೆ ಹೋಗುತ್ತದೆ. ಪರಿಮಳ ಆರಿಲ್ಲ, ಮೂಗು ಒಗ್ಗಿಹೋಗಿದೆ. ಮನಸ್ಸಿನ ಧರ್ಮವೂ ಇದೇ. 1978ರಲ್ಲಿ ಅಮೆರಿಕದ ಫಿಲಿಪ್ ಬ್ರಿಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಇಬ್ಬರು ಸಹೋದ್ಯೋಗಿಗಳೂ ಒಂದು ಪರಿಶೀಲನೆಯನ್ನು ಪ್ರಕಟಿಸಿದರು. ಲಾಟರಿಯಲ್ಲಿ 50,000 ಡಾಲರಿನಿಂದ 10 ಲಕ್ಷ ಡಾಲರಿನವರೆಗೆ ಗೆದ್ದಿದ್ದ 22 ಮಂದಿಯನ್ನೂ, ಏನನ್ನೂ ಗೆಲ್ಲದ ಬೇರೆ 22 ಮಂದಿಯನ್ನೂ ಅವರು ವಿಚಾರಿಸಿದ್ದರು. ಸ್ನೇಹಿತನೊಡನೆ ಮಾತು, ಬೆಳಗಿನ ಉಪಾಹಾರ, ಒಂದು ನಗೆಮಾತು, ಪತ್ರಿಕೆಯ ವಾಚನ ಮುಂತಾದುವುಗಳಿಂದ ಗೆದ್ದವರಿಗೆ ದೊರೆಯುತ್ತಿದ್ದ ಸಂತೋಷವು ಇತರರದಕ್ಕಿಂತ ಕಡಿಮೆಯಾಗಿತ್ತು. ಇಷ್ಟು ಮಂದಿಯ ಉತ್ತರದಿಂದ ಲೋಕನಿಯಮವನ್ನು ಕಟ್ಟಲಾಗದು. ಹಣ ಬಂದವರಿಗೆ ಬಾಳಿನ ತೃಪ್ತಿ ಹೆಚ್ಚುವುದುಂಟೆಂದು ಆಮೇಲಿನ ದೊಡ್ಡ ಪರಿಶೀಲನೆಗಳು ತೋರಿಸಿವೆ. ಆದರೂ ದೊಡ್ಡ ಸುಖವು ಸಣ್ಣ ಸುಖವನ್ನು ಮಂಕುಗೊಳಿಸಬಹುದೆಂಬ ಎಚ್ಚರಿಕೆಯನ್ನು ಅದರಿಂದ ಪಡೆಯಬಹುದು.

ಇಲ್ಲಿ ಒಂದು ಆಕ್ಷೇಪ ಬರುವುದು ನ್ಯಾಯ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ, ಮಗುವಿಗೆ ಜ್ವರ ಕಾಯುತ್ತಿರುವಾಗ, ಪಾರಿಜಾತವನ್ನು ಮೂಸೆಂದು ಹೇಳುವುದು ಕ್ರೂರವಲ್ಲವೇ? ನಿಜ. ಹೂವಿನ ಗಂಧವು ಸಾಲವನ್ನು ತೀರಿಸುವುದಿಲ್ಲ. ತೀರಿಸುತ್ತದೆಂದು ಹೇಳುವವನು ಮೋಸಗಾರ. ಆದರೆ ಕಷ್ಟ ಕಳೆಯುವವರೆಗೂ ಸಂತೋಷವನ್ನು ಹೊರಗೆ ನಿಲ್ಲಿಸಬೇಕೆಂಬ ನಿಯಮವೂ ಇಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಆ ವರ್ಷ ಲೋಕದಲ್ಲಿ ಮಹಾಯುದ್ಧ. ದೇಶದಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ. ಅಂತಹ ಕಾಲದಲ್ಲಿಯೂ ಕನ್ನಡಿಗರು ಗಂಡಹೆಂಡಿರ ಸರಸವನ್ನೂ ತವರುಮನೆಯ ನೆನಪನ್ನೂ ಹಾಡಿದ ಆ ಪುಸ್ತಕವನ್ನು ಮನೆಯೊಳಕ್ಕೆ ಬರಮಾಡಿಕೊಂಡರು.

ಇನ್ನೊಂದು ಮಾತನ್ನು ವಿಶೇಷವಾಗಿ ಗಂಡಸರಿಗೆ ಹೇಳಬೇಕಾಗಿದೆ. ನಮ್ಮ ಕಿರಿಯ ಸುಖಗಳಲ್ಲಿ ಬಹು ಭಾಗವು ಮನೆಯಲ್ಲಿ ಇನ್ನೊಬ್ಬರ ದುಡಿಮೆ. ಮೂವತ್ತು ವರ್ಷಗಳ ಕಾಲ ಆರು ಗಂಟೆಗೆ ನನಗೆ ಕಾಫಿ ಬರಬೇಕಾದರೆ ಐದೂವರೆಗೆ ಒಬ್ಬರು ಏಳಬೇಕಾಗಿತ್ತು. ಅವರಿಗೆ ಆ ಬೆಳಗಿನ ಸುಖದಲ್ಲಿ ಪಾಲೆಷ್ಟು ಎಂದು ನಾನು ಕೇಳಿರಲಿಲ್ಲ. ಈಗ ಡಿಕಾಕ್ಷನ್ ಇಳಿಸುವ ಕೆಲಸ ನನ್ನದು. ಪುಡಿಯ ಮೇಲೆ ಕುದಿಯುವ ನೀರು ಬಿದ್ದಾಗ ಏಳುವ ಗಂಧವು, ಕುರ್ಚಿಯಲ್ಲಿ ಕುಳಿತವನಿಗೆ ದೊರೆಯುವುದಕ್ಕಿಂತ ನಿಂತು ಮಾಡುವವನಿಗೆ ಹೆಚ್ಚಾಗಿ ದೊರೆಯುತ್ತದೆಂಬುದನ್ನು ತಿಳಿದುಕೊಂಡಿದ್ದೇನೆ. ನನ್ನ ಹೆಂಡತಿ ಲೋಟವನ್ನು ತೆಗೆದುಕೊಂಡು, “ಸ್ವಲ್ಪ ನೀರಾಯಿತು” ಎನ್ನುತ್ತಾಳೆ. ಆದರೂ ಕುಳಿತು ಕುಡಿಯುತ್ತಾಳೆ.

2023ರ ಮಾಘಮಾಸದಲ್ಲಿ ತಾಯಿಯವರು ತೀರಿಕೊಂಡರು. ಪಾರಿಜಾತವು ಕಾಲಕ್ಕೆ ಸರಿಯಾಗಿ ಹೂವು ಉದುರಿಸುತ್ತದೆ; ಆಯುವ ಕೆಲಸ ಈಗ ನನಗೆ ಬಂದಿದೆ. ಲವಂಗದ ಡಬ್ಬಿಯನ್ನು ತೆರೆದಾಗ ಜಗಲಿಯ ಮೇಲೆ ಓಡಾಡುತ್ತಿದ್ದ ತಂದೆಯವರೂ, ಅವರ ಕಥೆಯನ್ನು ಹೇಳಿದ ತಾಯಿಯವರೂ ಒಟ್ಟಿಗೆ ನೆನಪಿಗೆ ಬರುತ್ತಾರೆ. ಆ 12 ವಾರಗಳು ದೊರೆಯದೆ ಹೋಗಿದ್ದರೆ ನನ್ನ ಬಳಿ ಏನು ಉಳಿಯುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ. ಮೂಗನ್ನು ಕಳೆದುಕೊಂಡು ತಾಯಿಯನ್ನು ಪಡೆದವನು ನಾನು.

ವಾಚಕರಿಗೆ ಅಷ್ಟು ಬೆಲೆ ತೆರುವ ಕಾರಣವಿಲ್ಲ. ದಿನಕ್ಕೆ ಎರಡು ಬಾರಿ, ಕೈಯಲ್ಲಿ ಬೇರೇನನ್ನೂ ಹಿಡಿಯದೆ, ಮನೆಯ ಒಂದು ಸಣ್ಣ ವಸ್ತುವಿನ ಮುಂದೆ, ಸಾಧ್ಯವಾದರೆ ಮನೆಯವರಲ್ಲಿ ಒಬ್ಬರ ಜೊತೆಯಲ್ಲಿ, ಹತ್ತು ನಿಮಿಷ ಕುಳಿತರೆ ಸಾಕು. ನಾಳೆ ಬೆಳಗ್ಗೆ ನಿಮ್ಮ ಕುರ್ಚಿಯ ಬಳಿ ಯಾರಾದರೂ ಒಂದು ಕ್ಷಣ ನಿಂತರೆ, ತಲೆಯೆತ್ತಿ ನೋಡಿರಿ.