ಫಾದರ್ ಹೆರಾಸರೂ ಭಾರತೀಯ ಕ್ರೈಸ್ತ ಕಲೆಯೂ

ಮುಂಡರಗಿ ತಾಲೂಕಿನ ಡೋಣಿಯಲ್ಲಿ ದೊರೆತ ಕ್ರಿ.ಶ. 1096ರ ಶಾಸನದಿಂದ ಅಲ್ಲಿ ಸೋವಿಸೆಟ್ಟಿಯ ಬಸದಿಯೊಂದು ಇದ್ದಿತೆಂದೂ ಅದರ ದಾನವು ಯಾಪನೀಯ ಸಂಘದ ಮುನಿಗಳಿಗೆ ಸಂದಿತೆಂದೂ ತಿಳಿದುಬರುತ್ತದೆ. ಗದಗು, ಲಕ್ಕುಂಡಿ, ಲಕ್ಷ್ಮೇಶ್ವರಗಳ ಗುಡಿ-ಬಸದಿಗಳನ್ನು ಅಭ್ಯಸಿಸುವವರಿಗೆ ಶಾಸನದ ಇಂತಹ ಆಸರೆ ಬಹುಮಟ್ಟಿಗೆ ಉಂಟು. ಆದರೆ ಪಶ್ಚಿಮ ಕರಾವಳಿಯ ಇಗರ್ಜಿಯೊಂದರಿಂದ ಹೊರಬಿದ್ದ ದಂತದ ಮೂರ್ತಿಯನ್ನು ಕೈಗೆತ್ತಿಕೊಂಡವನಿಗೆ ಈ ಸೌಕರ್ಯವಿಲ್ಲ. ಅದರ ಮೇಲೆ ದಾನಿಯ ಹೆಸರಿಲ್ಲ, ರೂವಾರಿಯ ಹೆಸರಿಲ್ಲ, ವರ್ಷವಂತೂ ಇಲ್ಲವೇ ಇಲ್ಲ. ಇಂತಹ ಮೂಕವಸ್ತುಗಳೂ ಇತಿಹಾಸದ ಆಧಾರಗಳೆಂದು ಬಗೆದು ಅವುಗಳನ್ನು ಕೂಡಿಹಾಕಿದವರಲ್ಲಿ ಫಾದರ್ ಹೆನ್ರಿ ಹೆರಾಸರು ಪ್ರಮುಖರು. ನಮ್ಮ ವಿದ್ಯಾರ್ಥಿಗಳಿಗೆ ಅವರು ವಿಜಯನಗರದ ಇತಿಹಾಸಕಾರರೆಂದು ಮಾತ್ರ ಪರಿಚಿತರು. ಅವರ ಕಲಾಸಂಗ್ರಹವೂ ಇತಿಹಾಸ ಸಂಶೋಧನೆಯೂ ಒಂದೇ ಬೇರಿನಿಂದ ಚಿಗುರಿದುವೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಹೆರಾಸರು 1888ರಲ್ಲಿ ಸ್ಪೇನ್ ದೇಶದ ಬಾರ್ಸೆಲೋನಾದಲ್ಲಿ ಜನಿಸಿದರು. 1904ರಲ್ಲಿ ಜೆಸ್ವಿಟ್ ಸಂಘವನ್ನು ಸೇರಿ, 1922ರಲ್ಲಿ ಮುಂಬಯಿಗೆ ಬಂದು, ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ಯಾವ ದೇಶದ ಇತಿಹಾಸವನ್ನು ಬೋಧಿಸಬಲ್ಲಿರೆಂದು ಪ್ರಾಚಾರ್ಯರು ಕೇಳಿದಾಗ, ಭಾರತದ್ದೊಂದನ್ನು ಬಿಟ್ಟು ಯಾವುದನ್ನಾದರೂ ಬೋಧಿಸಬಲ್ಲೆನೆಂದು ಇವರು ಉತ್ತರಿಸಿದರಂತೆ. ಹಾಗಾದರೆ ಭಾರತದ ಇತಿಹಾಸವನ್ನೇ ಕಲಿಸಿರೆಂದು ಅಪ್ಪಣೆಯಾಯಿತಂತೆ. ಮುಂದೆ 1926ರಲ್ಲಿ ಅವರು ಸ್ಥಾಪಿಸಿದ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ನೋಡಿದರೆ, ಆ ಅಪ್ಪಣೆಯನ್ನು ಅವರು ಎಷ್ಟು ಮನಸ್ಸಿಟ್ಟು ನಡೆಸಿದರೆಂಬುದು ವ್ಯಕ್ತವಾಗುತ್ತದೆ.

ಕರ್ನಾಟಕಕ್ಕೆ ಈ ಸಂಸ್ಥೆಯ ಋಣ ಸಣ್ಣದಲ್ಲ. 1927ರಲ್ಲಿ ಹೆರಾಸರ ಅರವೀಡು ವಂಶದ ಇತಿಹಾಸವೂ, 1929ರಲ್ಲಿ ವಿಜಯನಗರದ ಆರಂಭಕಾಲವನ್ನು ಕುರಿತ ಗ್ರಂಥವೂ ಹೊರಬಂದುವು. ಆ ರಾಜ್ಯದ ಮೂಲವನ್ನು ಅವರು ಹೊಯ್ಸಳ ಮೂರನೆಯ ಬಲ್ಲಾಳನ ಗಡಿರಕ್ಷಣೆಯ ಏರ್ಪಾಡಿನಲ್ಲಿ ಕಂಡರು. ವಿದ್ಯಾರಣ್ಯರು ನಗರವನ್ನು ಸ್ಥಾಪಿಸಿದರೆಂಬ ಕಥೆ 16ನೆಯ ಶತಮಾನದ ಆರಂಭದಲ್ಲಿ ಶೃಂಗೇರಿಯಲ್ಲಿ ರೂಪುಗೊಂಡುದೆಂದರು. ಈ ಎರಡನೆಯ ಮಾತು ಎಬ್ಬಿಸಿದ ವಾದ ಇನ್ನೂ ಪೂರ್ಣವಾಗಿ ತಣ್ಣಗಾಗಿಲ್ಲ. ಅವರ ಶಿಷ್ಯರಾದ ಜಾರ್ಜ್ ಮೊರಾಯಸರ ಕದಂಬ ಇತಿಹಾಸ (1931) ಈ ಸಂಸ್ಥೆಯ ಮಾಲೆಯಲ್ಲಿಯೇ ಪ್ರಕಟವಾಯಿತು. ಗೋವೆಯ ಚಾಂದೋರಿನಲ್ಲಿ, ಎಂದರೆ ಗೋವೆಯ ಕದಂಬರ ಹಳೆಯ ಚಂದ್ರಪುರದಲ್ಲಿ, 1929ರಲ್ಲಿ ಹೆರಾಸರು ನಡೆಸಿದ ಉತ್ಖನನದಿಂದ ಶಿವಾಲಯವೊಂದರ ತಳಪಾಯ ಬೆಳಕಿಗೆ ಬಂದಿತು. ತಲೆಯಿಲ್ಲದ ನಂದಿಯೊಂದು ಅಲ್ಲಿದೆ. ಶಿವಾಲಯದ ಅಡಿಗಲ್ಲನ್ನು ಕ್ರೈಸ್ತ ಪಾದ್ರಿಯೊಬ್ಬರು ಶ್ರದ್ಧೆಯಿಂದ ಅಗೆದು ಅಳೆದರೆಂಬುದು ಗಮನಾರ್ಹವಾದ ಸಂಗತಿ.

ಅರವೀಡು ವಂಶದ ಅಧ್ಯಯನವೇ ಅವರಿಗೆ ಚಿತ್ರಕಲೆಯ ಒಂದು ವಿಚಿತ್ರ ಅಧ್ಯಾಯವನ್ನು ತೆರೆದುತೋರಿಸಿತು. 1598ರಲ್ಲಿ ಜೆಸ್ವಿಟ್ ಪಾದ್ರಿಗಳು ಚಂದ್ರಗಿರಿಯಲ್ಲಿದ್ದ ಎರಡನೆಯ ವೆಂಕಟಪತಿರಾಯನ ಆಸ್ಥಾನಕ್ಕೆ ಬಂದರು. ಯುರೋಪಿನ ಚಿತ್ರಗಳ ವಿಷಯದಲ್ಲಿ ದೊರೆಗೆ ಅಪಾರ ಕುತೂಹಲ. ಇದನ್ನರಿತ ಸಂಘದವರು ಚಿತ್ರ ಬರೆಯಬಲ್ಲ ಸಹೋದರರನ್ನೇ ಅಲ್ಲಿಗೆ ಕಳುಹಿಸಿಕೊಟ್ಟರು. ರಾಜಧಾನಿ ವೆಲ್ಲೂರಿಗೆ ಹೋದಮೇಲೆ ಅಲ್ಲಿ ಕೆಲಸಮಾಡಿದವನು ಇಟಲಿಯ ಬಾರ್ತೊಲೊಮೆಯೊ ಫೊಂಟೆಬೋನಾ. ಈ ವೃತ್ತಾಂತ ನಮ್ಮ ಶಾಸನಗಳಲ್ಲಿ ಇಲ್ಲ. ಪಾದ್ರಿಗಳು ತಮ್ಮ ಮೇಲಧಿಕಾರಿಗಳಿಗೆ ಬರೆದ ಪತ್ರಗಳಲ್ಲಿದೆ. ಅವುಗಳನ್ನು ಓದಬಲ್ಲ ಭಾಷಾಜ್ಞಾನವೂ ಶಾಸನಗಳೊಡನೆ ತಾಳೆನೋಡುವ ತಾಳ್ಮೆಯೂ ಹೆರಾಸರಲ್ಲಿ ಒಟ್ಟಿಗೆ ಇದ್ದುವು. ಮತಪ್ರಚಾರಕರ ಪತ್ರಗಳಲ್ಲಿ ಸ್ವಪಕ್ಷದ ಹೊಗಳಿಕೆ ಇದ್ದೇ ಇರುತ್ತದೆ. ಅದನ್ನು ಸೋಸಿಕೊಳ್ಳುವುದು ಓದುವವನ ಹೊಣೆ.

ಅವರ ಸಂಸ್ಥೆಯ ವಸ್ತುಸಂಗ್ರಹದಲ್ಲಿ ನಾಣ್ಯ, ಶಿಲ್ಪ, ಹಸ್ತಪ್ರತಿಗಳ ಜತೆಗೆ ಕ್ರೈಸ್ತ ದಂತಶಿಲ್ಪಕ್ಕೂ ಸ್ಥಾನ ದೊರೆಯಿತು. ಈ ಬಗೆಯ ಶಿಲ್ಪದ ಮಹತ್ತ್ವವನ್ನು ಅರಿಯಲು 17ನೆಯ ಶತಮಾನದ ಗೋವೆಯಲ್ಲಿ ಬಹಳವಾಗಿ ಕಂಡರಿಸಲಾದ ಒಂದು ಮಾದರಿಯನ್ನು ನೋಡಿದರೆ ಸಾಕು. ಅದು ಬಾಲಯೇಸುವನ್ನು ಕುರಿಗಾಹಿಯಾಗಿ ತೋರಿಸುವ ಮೂರ್ತಿ. ಮೆಟ್ಟಿಲು ಮೆಟ್ಟಿಲಾಗಿ ಏರಿದ ಬೆಟ್ಟದ ತುದಿಯಲ್ಲಿ ಬಾಲಕನು ಕಾಲಮೇಲೆ ಕಾಲು ಹಾಕಿ, ಕೆನ್ನೆಗೆ ಕೈಯೂರಿ, ಕಣ್ಣುಮುಚ್ಚಿ ಕುಳಿತಿದ್ದಾನೆ. ಹೆಗಲ ಮೇಲೊಂದು ಕುರಿ, ತೊಡೆಯ ಮೇಲೊಂದು. ಕೆಳಗೆ ನೀರಿನ ಚಿಲುಮೆ, ಅದರಲ್ಲಿ ನೀರು ಕುಡಿಯುವ ಪ್ರಾಣಿಗಳು. ತಳದ ಗುಹೆಯಲ್ಲಿ ಪಶ್ಚಾತ್ತಾಪದಿಂದ ಒರಗಿದ ಮಗ್ದಲದ ಮರಿಯಳು. ವಸ್ತು ಬೈಬಲಿನದು. ಆದರೆ ಆ ಮುಚ್ಚಿದ ಕಣ್ಣಿನ ಧ್ಯಾನಭಾವ ಬುದ್ಧನ ಪ್ರತಿಮೆಗಳನ್ನು ನೆನಪಿಗೆ ತರುತ್ತದೆ. ಪಶುಗಳ ನಡುವಣ ಬಾಲಕನು ಗೋಪಾಲಕೃಷ್ಣನಿಗೆ ದೂರದವನಲ್ಲ. ರೂವಾರಿ ಹೆಸರನ್ನು ಕೊರೆಯಲಿಲ್ಲ ನಿಜ; ತನ್ನ ಕೈಯ ಗುರುತನ್ನು ಬಿಟ್ಟುಹೋಗಿದ್ದಾನೆ. ಪಾದ್ರಿ ಹೇಳಿದ ಕಥೆಯನ್ನು ಈ ನೆಲದ ಕಸಬುದಾರನು ತಾನು ಬಲ್ಲ ರೂಪಗಳಲ್ಲಿ ಅರ್ಥಮಾಡಿಕೊಂಡನೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕೆ?

ಇಂತಹ ಹಳೆಯ ವಸ್ತುಗಳ ಬಲದಿಂದಲೇ ಕ್ರೈಸ್ತ ಕಲೆ ಭಾರತೀಯವಾಗಬಲ್ಲದೆಂಬ ನಂಬಿಕೆ ಹೆರಾಸರಲ್ಲಿ ದೃಢವಾಯಿತೆಂದು ನನಗೆ ತೋರುತ್ತದೆ. ಇದಕ್ಕೆ ವಿರುದ್ಧವಾದ ಮಾದರಿ ಮಂಗಳೂರಿನಲ್ಲಿದೆ. ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ-ಮಾಳಿಗೆಗಳನ್ನು 1900ರ ಸುಮಾರಿಗೆ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ ಚಿತ್ರಿಸಿದನು. ಅದು ಶುದ್ಧ ಇಟಲಿಯ ಕಲೆ. ಸುಂದರವಾದುದು, ಆದರೆ ಕಡಲಾಚೆಯಿಂದ ಇಳಿದುಬಂದುದು. ಹೆರಾಸರು ಪ್ರೋತ್ಸಾಹಿಸಿದ ಗೋವೆಯ ಚಿತ್ರಕಾರ ಆಂಜೆಲೊ ದ ಫೊನ್ಸೆಕರು (1902–1967) ಇನ್ನೊಂದು ದಾರಿ ಹಿಡಿದರು. ಶಾಂತಿನಿಕೇತನದ ಪರಂಪರೆಯಲ್ಲಿ ಕಲಿತು ಬಂದ ಅವರು ಮರಿಯಳಿಗೆ ಸೀರೆ ಉಡಿಸಿದರು. ಗೋವೆಯಲ್ಲಿ ಇದಕ್ಕೆ ವಿರೋಧ ಹುಟ್ಟಿತು. ಫೊನ್ಸೆಕರು ಪುಣೆಯ ಆಶ್ರಮವೊಂದರಲ್ಲಿ ನೆಲಸಿದರು. ಮೂರು ಶತಮಾನಗಳ ಹಿಂದೆ ಅನಾಮಿಕ ರೂವಾರಿಗೆ ಯಾರೂ ಕೇಳದೆ ಸಿಕ್ಕಿದ ಸ್ವಾತಂತ್ರ್ಯವನ್ನು ಹೆಸರಾಂತ ಚಿತ್ರಕಾರನು ಹೋರಾಡಿ ಪಡೆಯಬೇಕಾಯಿತು.

ಹೆರಾಸರ ಎಲ್ಲ ನಿರ್ಣಯಗಳೂ ನಿಂತಿಲ್ಲ. ಸಿಂಧೂ ಲಿಪಿಯನ್ನು ದ್ರಾವಿಡವೆಂದು ಓದಿ 1953ರಲ್ಲಿ ಅವರು ಪ್ರಕಟಿಸಿದ ಬೃಹದ್ಗ್ರಂಥದ ವಾಚನಗಳನ್ನು ವಿದ್ವಾಂಸರು ಅಂಗೀಕರಿಸಲಿಲ್ಲ. ಸಂಗ್ರಹಕಾರ್ಯಕ್ಕೂ ಒಂದು ಮಿತಿ ಉಂಟು: ಮೂಲಸ್ಥಾನದಿಂದ ಕಿತ್ತು ಅಂಗಡಿಗೆ ಬಂದ ಮೂರ್ತಿಯನ್ನು ಕೊಂಡು ಉಳಿಸಬಹುದು, ಅದರ ಊರನ್ನು ಉಳಿಸಲಾಗದು. 1955ರ ಡಿಸೆಂಬರ್ 14ರಂದು ಅವರು ಮುಂಬಯಿಯಲ್ಲಿ ತೀರಿಕೊಂಡ ಬಳಿಕ ಸಂಸ್ಥೆಗೆ ಅವರ ಹೆಸರನ್ನಿಟ್ಟರು. 1981ರಲ್ಲಿ ಭಾರತ ಸರಕಾರದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು.

ನಮ್ಮ ಭಾಗದಲ್ಲಿ ಈ ಅಭ್ಯಾಸ ಬೇರೆ ರೀತಿಯಲ್ಲಿ ನಡೆಯಬೇಕಾಗುತ್ತದೆ. ಬೆಟಗೇರಿಯಲ್ಲಿ 1841ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ ಪ್ರೊಟೆಸ್ಟಂಟ್ ಪಂಥದ್ದು. ಮೂರ್ತಿ ಅದಕ್ಕೆ ಒಗ್ಗದು. ಆದ್ದರಿಂದ ಇಲ್ಲಿ ಶೋಧಕನು ದಂತದ ಮೂರ್ತಿಯನ್ನು ಅರಸದೆ ಬಡಗಿಯ ಕೆತ್ತನೆ, ಗಂಟೆ, ಸಮಾಧಿಗಲ್ಲಿನ ಕನ್ನಡ ಬರಹ, ಹಳೆಯ ಛಾಯಾಚಿತ್ರಗಳ ಕಡೆಗೆ ತಿರುಗಬೇಕು. ಮಿಶನ್ನಿನ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿಯೂ ಇವೆ. ವೆಂಕಟಪತಿರಾಯನ ಆಸ್ಥಾನದ ಚಿತ್ರಕಾರರನ್ನು ಹೆರಾಸರು ಪಾದ್ರಿಗಳ ಪತ್ರಗಳಲ್ಲಿ ಕಂಡುಹಿಡಿದಂತೆ, ಬೆಟಗೇರಿಯ ಬಡಗಿ-ಗೌಂಡಿಗಳ ಹೆಸರುಗಳನ್ನೂ ಈ ಕಾಗದಗಳಲ್ಲಿಯೇ ಹುಡುಕಬೇಕಾಗಿದೆ.