ಚಾಕುವಿನ ಹದ: ಕೈಗುಣವೋ, ಕಲಿತ ವಿದ್ಯೆಯೋ?

ಒಳ್ಳೆಯ ಚಾಕು ಮಾಡುವವರನ್ನು ಕಂಡಾಗ ‘ಅವರ ಕೈಗುಣವೇ ಹಾಗೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಈ ಮಾತಿನಲ್ಲಿ ಮೆಚ್ಚುಗೆಯಿದೆ. ಆದರೆ ಕಲಿಯಬಯಸುವ ಹುಡುಗನಿಗೆ ಇದೇ ಮಾತು ‘ನಿನ್ನಿಂದಾಗದು’ ಎಂದೂ ಕೇಳಿಸಬಹುದು. ಆದ್ದರಿಂದ ಈ ಕೈಗುಣವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ.

ಚಾಕುವಿನ ಜೀವಾಳ ಅದರ ಹದ. ಹಳ್ಳಿಯ ಕುಲುಮೆಗಳಿಗೆ ಬರುವ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇ. 0.6ರಷ್ಟು ಇಂಗಾಲವಿರುತ್ತದೆ. ಬಡಿದು ರೂಪ ಕೊಟ್ಟ ಅಲಗನ್ನು 800 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಡಸಾಗುತ್ತದೆ. ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಕಾವು ಸಾಲದಿದ್ದರೆ ಅಲಗು ಮೆತ್ತಗೆ ಉಳಿಯುತ್ತದೆ. ಮಿತಿಮೀರಿದರೆ ಉಕ್ಕಿನ ಒಳಕಣಗಳು ದಪ್ಪವಾಗಿ, ಅಲಗು ಸುಲಭವಾಗಿ ಮುರಿಯುತ್ತದೆ.

ಅದ್ದಿದ ಮೇಲೆ ಪೆಡಸುತನ ಇಳಿಸಲು ಅಲಗನ್ನು ಉಜ್ಜಿ ಬೆಳಗಿ, ಮತ್ತೆ ಮೆಲ್ಲಗೆ ಕಾಯಿಸಬೇಕು. ಆಗ ಮೈಮೇಲೆ ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 260ರ ಹೊತ್ತಿಗೆ ಕಂದು, 300ರ ಸಮೀಪ ನೀಲಿ ಬಣ್ಣ ಮೂಡುತ್ತದೆ. ಚಾಕುವಿನ ಬಾಯಿಗೆ ಹಳದಿಯೇ ಸಾಕು. ನೀಲಿಯವರೆಗೆ ಬಿಟ್ಟರೆ ಗಡಸು ಕಡಿಮೆಯಾಗಿ ಬಾಯಿ ಬೇಗ ಮೊಂಡಾಗುತ್ತದೆ.

ಅನುಭವಿ ಕಮ್ಮಾರರು ಇದನ್ನೆಲ್ಲ ಕಣ್ಣಳತೆಯಲ್ಲೇ ನಿಭಾಯಿಸುತ್ತಾರೆ. ನೋಡುವವರಿಗೆ ಇದು ಹುಟ್ಟಿನಿಂದ ಬಂದ ವರವೆನಿಸುತ್ತದೆ. ವಾಸ್ತವವಾಗಿ ಅದು ತಿದಿ ಒತ್ತುವ ವಯಸ್ಸಿನಿಂದಲೂ ಬೆಂಕಿಯ ಬಣ್ಣ ನೋಡಿ ನೋಡಿ ಪಳಗಿದ ಕಣ್ಣು. ಹೊಸಬರಿಗೆ ಒಂದು ಅಯಸ್ಕಾಂತವೂ ನೆರವಾಗುತ್ತದೆ. ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಸ್ವಲ್ಪ ಮೇಲಕ್ಕೆ ಕಾಯಿಸಿ, ಆ ಕೆಂಪನ್ನು ಪ್ರತಿಸಲವೂ ನೆರಳಿನಲ್ಲೇ ಗಮನಿಸಿದರೆ ಕಣ್ಣು ಕ್ರಮೇಣ ಕಲಿಯುತ್ತದೆ. ಬಿಸಿಲಿನಲ್ಲಿ ಬಣ್ಣ ಮಂಕಾಗಿ ಕಂಡು ಮೋಸ ಮಾಡುತ್ತದೆ.

ಹಾಗಾದರೆ ಹುಟ್ಟುಗುಣಕ್ಕೆ ಬೆಲೆಯೇ ಇಲ್ಲವೇ? ಇದೆ. 2014ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ಅಭ್ಯಾಸದ ಪಾಲು ಸುಮಾರು ಶೇ. 21 ಎಂದು ಕಂಡುಕೊಂಡಿತು. ಉಳಿದುದೆಲ್ಲ ಹುಟ್ಟುಗುಣವೆಂದು ಇದರರ್ಥವಲ್ಲ. ಆದರೆ ಅಭ್ಯಾಸವೊಂದೇ ಎಲ್ಲವೂ ಅಲ್ಲ. ಸ್ಥಿರವಾದ ಕೈ, ಅಳತೆ ಹಿಡಿಯುವ ಕಣ್ಣು ಉಳ್ಳವರು ಬೇಗ ಕಲಿಯಬಹುದು. ಹದ ತಪ್ಪಿದರೆ ಮಾತ್ರ ಉಕ್ಕು ಯಾರಿಗೂ ರಿಯಾಯಿತಿ ತೋರುವುದಿಲ್ಲ.

1976ರಲ್ಲಿ ಆರಂಭವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆ ಇದಕ್ಕೆ ನಿದರ್ಶನ. ತೂಗುಬಿಟ್ಟ ಒಂದು ಅಂಗುಲದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರ ಕಡಿದ ಮೇಲೂ ಅಲಗು ಕೂದಲು ಬೋಳಿಸಬೇಕು. ಕೊನೆಗೆ 90 ಡಿಗ್ರಿ ಬಗ್ಗಿಸಿದರೂ ತುಂಡಾಗಬಾರದು. ಪರೀಕ್ಷೆ ಅಲಗಿಗೇ ಹೊರತು ವಂಶಕ್ಕಲ್ಲ.

ಕಲಿಯುವವರು ಒಂದು ಕೆಲಸವನ್ನು ತಪ್ಪದೆ ಮಾಡಬೇಕು. ಅದೇ ಉಕ್ಕಿನ ಚೂರೊಂದನ್ನು ಕಾಯಿಸಿ, ಅದ್ದಿ, ಬಟ್ಟೆಯಲ್ಲಿ ಸುತ್ತಿ ಮುರಿದು ನೋಡಬೇಕು. ಮುರಿದ ಜಾಗ ಮಖಮಲ್ಲಿನಂತೆ ನುಣುಪಾದ ಬೂದುಬಣ್ಣವಿದ್ದರೆ ಕಾವು ಸರಿ. ಸಕ್ಕರೆಯಂತೆ ಹರಳುಹರಳಾಗಿ ಮಿನುಗಿದರೆ ಅತಿಯಾಗಿದೆ. ಬಲ್ಲ ಹಿರಿಯರು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿಕೊಟ್ಟರೆ ಕಲಿಯುವವರ ಎಷ್ಟೋ ವರ್ಷಗಳು ಉಳಿಯುತ್ತವೆ. ಸಾಧಿಸಿದರೆ ಸಬಳವನ್ನೂ ನುಂಗಬಹುದು ಎಂಬ ಗಾದೆ ಕುಲುಮೆಗೂ ಸಲ್ಲುತ್ತದೆ.